ಓರೆಯಾಗಿ ಗಟ್ಟಿಯಾದ ಎಣ್ಣೆ

೨೦೨೪ರ ಡಿಸೆಂಬರ್ ೧೮, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಭವ್ಯಶ್ರೀ ತನ್ನ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು.

"ಮೇಷ್ಟ್ರೇ, ಇದು ನನ್ನ ಎಣ್ಣೆ ಅಲ್ಲ."

ಹಾಲ್ಕುರಿಕೆಯ ನಮ್ಮ ತರಬೇತಿ ಕೇಂದ್ರದಲ್ಲಿ ಹನ್ನೆರಡು ಹೆಂಗಸರು ಮೂರು ತಿಂಗಳಿನಿಂದ ಹಸಿ ತೆಂಗಿನಕಾಯಿಯ ಹಾಲಿನಿಂದ ಎಣ್ಣೆ ತೆಗೆಯಲು ಕಲಿತಿದ್ದರು. ಕಲಿಸಿದವನು ನಾನು, ಅರುಣ್ ಕುಮಾರ್. ಹಿಂದಿನ ಸಂಜೆ ಎಲ್ಲರೂ ಪರೀಕ್ಷೆಯ ಬಾಟಲಿಗೆ ಹೆಸರಿನ ಚೀಟಿ ಅಂಟಿಸಿ ಹಲಗೆಯ ಮೇಲೆ ನಿಲ್ಲಿಸಿದ್ದರು. ಅಂಥದ್ದೇ ಚೀಟಿ ಅಂಟಿಸಿದ ಬಾಟಲಿಗಳಲ್ಲಿ ಹೋದ ತಿಂಗಳು ಅಭ್ಯಾಸದ ಎಣ್ಣೆಯನ್ನು ಮನೆಗೂ ಒಯ್ದಿದ್ದರು. ಹನ್ನೊಂದಕ್ಕೆ ಪರೀಕ್ಷಕ ಸದಾಶಿವಯ್ಯ ಬರುವವರಿದ್ದರು. ತೇರ್ಗಡೆಯಾದರೆ ಭವ್ಯಶ್ರೀಗೆ ತುರುವೇಕೆರೆಯ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಗುವುದಿತ್ತು. ಇದೇ ಕೊನೆಯ ತಂಡ, ಮರುಪರೀಕ್ಷೆ ಇರಲಿಲ್ಲ.

ನಾನೂ ಮೂಸಿದೆ. ಹಳೆ ಕೊಬ್ಬರಿಯ ಕಮಟು. ಮಿಲ್ಲಿನಲ್ಲಿ ಆಡಿಸಿದ ಎಣ್ಣೆ.

"ಬೆಳಿಗ್ಗೆ ಕಸ ಗುಡಿಸಿದ್ದು ತಿಮ್ಮಕ್ಕ," ಎಂದು ಹಿಂದಿನಿಂದ ಯಾರೋ ಅಂದರು.

ತಿಮ್ಮಕ್ಕ ಸೊಂಟಕ್ಕೆ ಕೈಯಿಟ್ಟು ತಿರುಗಿದಳು. "ಯಾವಳೇ ಅದು? ನನ್ನೆಣ್ಣೇನೇ ಸೀದು ಕುಂತದೆ. ಇವಳದ್ದು ಕದ್ದಿದ್ರೆ ಅದ್ಕೆ ನನ್ನ ಹೆಸ್ರು ಅಂಟಿಸ್ಕೊಳ್ತಿದ್ದೆ ಕಣೇ!"

"ಮಾತು ಸರಿಯಾಗಿದೆ," ಎನ್ನುತ್ತ ಅಜೀಮುನ್ನೀಸಾ ಒಳಗೆ ಬಂದರು. ಹೊಲಿಗೆ ಕಲಿಸುವ ಅವರು ಕೇಂದ್ರದ ಹಿಂಬದಿಯ ಕೋಣೆಯಲ್ಲೇ ವಾಸವಾಗಿದ್ದರು. ಊರಲ್ಲಿ ಏನು ಕಳುವಾದರೂ ಜನ ಮೊದಲು ಬರುತ್ತಿದ್ದುದು, ಎಲ್ಲರೂ 'ಆಪಾ' ಅಂದರೆ ಅಕ್ಕ ಎಂದು ಕರೆಯುತ್ತಿದ್ದ ಅವರ ಬಳಿಗೆ. ಹಿಂದೆಯೂ ಎರಡು ಸಲ ಅವರು ಕಳ್ಳನನ್ನು ಹಿಡಿದಾಗ ಅಳತೆಗೆ ನಿಂತವನು ನಾನೇ.

ಕಾವಲಿನ ಮೋಹನ್ ಕುಮಾರ್ ರಾತ್ರಿ ಕೋಣೆಯ ಬಾಗಿಲಲ್ಲೇ ಮಲಗಿದ್ದ. ಬೀಗ ತೆಗೆದದ್ದು ಎಂಟಕ್ಕೆ. ತಿಮ್ಮಕ್ಕ ಗುಡಿಸಿ ಹೋದಳು. ಎಂಟೂವರೆಗೆ ಭವ್ಯಶ್ರೀಯ ಗಂಡ ಬಸವರಾಜು, ಕೇಂದ್ರಕ್ಕೆ ಬೇಕಾದ ಕಾಯಿಗಳನ್ನು ತಂದು ಸುರಿದು, ಖಾಲಿ ಚೀಲ ಮಡಚಿಕೊಂಡು ಅಂಗಳಕ್ಕೆ ಹೋಗಿ ಹೆಂಡತಿಗಾಗಿ ಕಾಯುತ್ತ ಕೂತ. ಆಮೇಲೆ ಎಲ್ಲರೂ ಒಟ್ಟಿಗೇ ಬಂದರು.

ರಾತ್ರಿಯ ಚಳಿಗೆ ಬಾಟಲಿಗಳಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಹನ್ನೊಂದು ಬಾಟಲಿಗಳಲ್ಲಿ ಅದರ ಮೇಲ್ಭಾಗ ಮಟ್ಟವಾಗಿತ್ತು. ಭವ್ಯಶ್ರೀಯ ಹೆಸರಿನದರಲ್ಲಿ ಮಾತ್ರ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಕೋನಮಾಪಕ ಹಿಡಿದು ಅಳೆದೆ: ಹನ್ನೆರಡು ಡಿಗ್ರಿ. ಬರೆದುಕೊಂಡೆನೇ ಹೊರತು ಅದರ ಅರ್ಥ ನನಗೆ ಹೊಳೆಯಲಿಲ್ಲ.

"ಚೀಟಿ ಮೇಲಿನ ಅಕ್ಷರ ಯಾರ್ದು ಬೇಟಿ?"

"ನಂದೇ ಆಪಾ."

ಅಜೀಮುನ್ನೀಸಾ ಹೊಲಿಗೆ ಯಂತ್ರದ ಬಾಬಿನ್ ಒಂದನ್ನು ತೂಗುಗುಂಡಿನಂತೆ ದಾರಕ್ಕೆ ಕಟ್ಟಿಕೊಂಡು ಅಂಗಳಕ್ಕೆ ನಡೆದರು. ಅಲ್ಲಿದ್ದದ್ದು ಎರಡು ಬೈಕು. ಎರಡರ ಪಕ್ಕದಲ್ಲೂ ದಾರ ಇಳಿಬಿಟ್ಟು, ಯಾವುದು ಎಷ್ಟು ವಾಲಿದೆ ಎಂದು ನನ್ನಿಂದ ಅಳತೆ ಮಾಡಿಸಿದರು.

"ಬೇಗ ಎಲ್ಲರನ್ನೂ ಸೇರ್ಸು ಅರುಣ್. ಬಿಸಿಲೇರಿದ್ರೆ ಸಾಕ್ಷಿ ಕರಗೋಗ್ತದೆ."

ಹತ್ತೂವರೆಗೆ ಎಲ್ಲರೂ ಹಲಗೆಯ ಮುಂದೆ ನಿಂತರು. ಬಸವರಾಜುವೂ ಬಂದ.

"ಹಲಗೆ ಮಟ್ಟವಾಗಿದೆ," ಅಜೀಮುನ್ನೀಸಾ ಶುರುಮಾಡಿದರು. "ಇಲ್ಲಿ ರಾತ್ರಿ ಕಳೆದ ಎಣ್ಣೆ ಮಟ್ಟವಾಗೇ ಗಟ್ಟಿಯಾಗ್ತದೆ. ಈ ಬಾಟಲಿ ರಾತ್ರಿಯೆಲ್ಲಾ ಬೇರೆಲ್ಲೋ ಓರೆಯಾಗಿ ನಿಂತಿತ್ತು. ಅಂದ್ರೆ ಬದಲಾಯಿಸಿದ್ದು ಎಂಟರ ಮೇಲೆ, ಹೊರಗಿಂದ ತಂದು. ಚೀಟಿಯಲ್ಲಿರೋದು ಭವ್ಯಶ್ರೀ ಅಕ್ಷರ. ಹಾಗಾದ್ರೆ ಇದು ಅವಳು ಮನೆಗೆ ಒಯ್ದಿದ್ದ ಅಭ್ಯಾಸದ ಬಾಟಲಿ, ಯಾರೋ ಅದಕ್ಕೆ ಮಿಲ್ಲಿನ ಎಣ್ಣೆ ತುಂಬಿದ್ದಾರೆ. ಅದು ಸಿಗೋದು ಅವಳ ಮನೆಯವರಿಗೆ. ಆದ್ರೆ ಮನೆಯೊಳಗಿಟ್ರೆ ಅವಳ ಕಣ್ಣಿಗೆ ಬೀಳ್ತದೆ. ಎಲ್ಲಿಡೋದು? ಬೈಕಿನ ಪಕ್ಕದ ಚೀಲದಲ್ಲಿ. ಅರುಣ್ ಬೈಕು ನಡುವಿನ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಂತಿದೆ. ಬಸವರಾಜುದು ಪಕ್ಕದ ಸ್ಟ್ಯಾಂಡ್ ಮೇಲೆ ವಾಲಿದೆ. ಎಷ್ಟು, ಅರುಣ್?"

"ಹನ್ನೆರಡು ಡಿಗ್ರಿ."

ಎಲ್ಲರೂ ಬಸವರಾಜುವಿನ ಕಡೆ ತಿರುಗಿದರು. ಅವನು ಹೊರಗೆ ಹೋಗಿ, ಮಡಚಿದ ಚೀಲದೊಳಗಿಂದ ಹೆಂಡತಿಯ ಬಾಟಲಿ ತೆಗೆದುಕೊಂಡು ಬಂದು ಮೇಜಿನ ಮೇಲಿಟ್ಟ.

"ಅವ್ವಂಗೆ ಮಂಡಿ ಏಳಕ್ಕೇ ಬುಡಲ್ಲ ಕಣ್ರೀ. ಇವಳು ದಿನಾ ತುರುವೇಕೆರೆ ಬಸ್ಸು ಹತ್ತಿದ್ರೆ ಮನೇಲಿ ಯಾರವ್ರೆ? ನಾನು ಬ್ಯಾಡ ಅಂದ್ರೆ ಇವಳು ಕೇಳಕಿಲ್ಲ. ಪರೀಕ್ಷೆ ಮಾಡೋರೇ ಬ್ಯಾಡ ಅಂದ್ರೆ ಸುಮ್ಕಾಯ್ತಾಳೆ ಅಂದ್ಕೊಂಡೆ."

"ಥೂ, ಹೆಂಡ್ತೀನ ಮಾತಲ್ಲಿ ಗೆಲ್ಲಕಾಗ್ದೋನೆ!" ಎಂದಳು ತಿಮ್ಮಕ್ಕ.

ಭವ್ಯಶ್ರೀ ಗಂಡನ ಮುಖ ನೋಡಲಿಲ್ಲ. "ಮೂರು ತಿಂಗಳು ನೀವೇ ಕರ್ಕೊಂಡ್ ಬಂದ್ ಬಿಟ್ರಲ್ಲ," ಎಂದಷ್ಟೇ ಅಂದಳು.

ಹನ್ನೊಂದಕ್ಕೆ ಬಂದ ಸದಾಶಿವಯ್ಯ ಎಲ್ಲವನ್ನೂ ಕೇಳಿಸಿಕೊಂಡು, ನಿಯಮದ ಹಾಳೆಯನ್ನು ಎರಡು ಸಲ ಓದಿದರು. ಕೋಣೆಯಿಂದ ಹೊರಗೆ ಹೋಗಿ ಬಂದ ಬಾಟಲಿಯನ್ನು ಪರೀಕ್ಷೆಗೆ ತೆಗೆದುಕೊಳ್ಳುವಂತಿರಲಿಲ್ಲ.

"ನಾನೇನ್ ಮಾಡ್ಲಮ್ಮ? ನನ್ನ ಕೈಯಲ್ಲಿಲ್ಲ," ಎಂದು ಅವಳ ಹೆಸರಿನ ಮುಂದೆ ಗೀಟು ಎಳೆದರು. ಅಜೀಮುನ್ನೀಸಾ ವಾದಿಸಿದರು, ನಾನು ಬೇಡಿಕೊಂಡೆ. ಗೀಟು ಹಾಗೆಯೇ ಉಳಿಯಿತು.

ಅವಳು ಗಂಡನ ಬೈಕಿನ ಹಿಂದೆಯೇ ಕೂತು ಹೋದಳು. ಆ ಹೊತ್ತಿಗೆ ಅವಳ ಊರಿಗೆ ಬಸ್ಸಿರಲಿಲ್ಲ. ಅಜೀಮುನ್ನೀಸಾ ಗೇಟಿನವರೆಗೆ ಹೋದವರು ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಮಧ್ಯಾಹ್ನ, ಚೀಲದಿಂದ ಹೊರಬಂದ, ಯಾರಿಗೂ ಬೇಕಿಲ್ಲದ ಆ ಬಾಟಲಿಯನ್ನು ನಾನೇ ಪರೀಕ್ಷಿಸಿದೆ. ತೇವಾಂಶ ಶೇಕಡಾ ೦.೧೦ ಮೀರದಿದ್ದರೆ ತೇರ್ಗಡೆ. ಅಂದು ತೇರ್ಗಡೆಯಾದವರಲ್ಲಿ ಎಲ್ಲಕ್ಕಿಂತ ಒಳ್ಳೆಯ ಎಣ್ಣೆಯದು ೦.೦೯. ಭವ್ಯಶ್ರೀಯದು ೦.೦೬.