ನಾಳೆ ಹುಟ್ಟಬೇಕಾಗಿದ್ದ ಮಗು

ಕಾರಿನ ಗಾಜು ಪುಡಿಯಾಯಿತು!

ಕಬ್ಬಿಣದ ರಾಡು ನನ್ನ ಕಿವಿ ಸವರಿಕೊಂಡು ಹೋಯಿತು.

"ಬಗ್ಗಿ!" ಎಂದು ಕೂಗಿ ಆಕ್ಸಿಲರೇಟರ್ ಒತ್ತಿದೆ.

"ಇಷ್ಟು ಹೊಟ್ಟೆ ಇಟ್ಕೊಂಡು ಹೇಗ್ರೀ ಬಗ್ಗೋದು?" ಹಿಂದಿನ ಸೀಟಿನಿಂದ ಸಾಹುಕಾರರ ಮಗಳು ಕಿರುಚಿದಳು.

ಅದೂ ನಿಜವೇ!

ನನ್ನ ಕಸುಬು ಗೊತ್ತಲ್ಲ... ದೊಡ್ಡವರ ತಲೆನೋವು ತೆಗೆಯುವುದು. ಈ ಸಲ ನನ್ನನ್ನು ಕರೆಸಿದ್ದವರು ಕ್ಯಾಲೆಂಡರ್ ಪ್ರೆಸ್ಸಿನ ಸಾಹುಕಾರರು. ತಾರೀಖೆಂದರೆ ಅವರಿಗೆ ಹುಚ್ಚು. ನಾಳೆ 22-02-2022. ಎಡದಿಂದ ಓದಿ, ಬಲದಿಂದ ಓದಿ, ಅಂಕಿಗಳು ಅವೇ! ಮೊಮ್ಮಗು ಅಂದೇ ಹುಟ್ಟಬೇಕು. ಡಾಕ್ಟರನ್ನೂ ಒಪ್ಪಿಸಿದ್ದರು.

ಮಗುವನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಇವತ್ತು ಮಧ್ಯಾಹ್ನವೇ ನೋವು ಶುರು!

ಸಾಹುಕಾರರು ಗೇಟಿಗೆ ಬೀಗ ಜಡಿಸಿದರು. "ನಾಳೆವರೆಗೂ ಯಾರನ್ನೂ ಹೊರಗೆ ಬಿಡ್ಬೇಡ" ಎಂದರು ನನಗೆ.

ಮಗಳ ಮುಖ ನೋಡಿದೆ. ಬೆವರು... ಬಿಳಿಚಿದ ತುಟಿ.

ತಾಯಿ-ಮಗಳಿಬ್ಬರನ್ನೂ ಕಾರಿಗೆ ಹತ್ತಿಸಿಕೊಂಡೆ. ಬೀಗದ ಕೈ ಇರಲಿಲ್ಲ. ಕಾರಿನ ಮೂತಿ ಇತ್ತು!

ಗೇಟು ಕಿತ್ತು ಬಿತ್ತು. ಆಗಲೇ ಕಾವಲುಗಾರ ರಾಡು ಬೀಸಿದ್ದು.

ತರಕಾರಿ ಮಾರ್ಕೆಟ್ಟಿನ ಗಲ್ಲಿಗೆ ನುಗ್ಗಿದೆ. ಟೊಮೇಟೊ ಬುಟ್ಟಿಯೊಂದು ಹಾರಿತು. ಬೈಗುಳವೂ ಹಾರಿ ಬಂತು. ಆದರೆ ಪ್ರೆಸ್ಸಿನ ವ್ಯಾನು ಬಳಸುದಾರಿಯಲ್ಲಿ ಬಂದು ಸೇತುವೆಯ ಮೇಲೆ ಅಡ್ಡ ನಿಂತಿತ್ತು.

ಸಾಹುಕಾರರು ಇಳಿದರು. "ರಾತ್ರಿ ಹನ್ನೆರಡು ದಾಟ್ಲಿ... ಅಷ್ಟು ತಡ್ಕೋ ಮಗಳೇ!"

ಅವರ ಹೆಂಡತಿ ಕಿಟಕಿ ಇಳಿಸಿದರು.

"ತಡ್ಕೊಳ್ಳೋಕೆ ಇದು ಮೂಗಿನ ಸೀನೇನ್ರೀ? ಸರೀರಿ ಪಕ್ಕಕ್ಕೆ!"

ಸರಿಯಲಿಲ್ಲ. ನಾನು ಫುಟ್‌ಪಾತ್ ಮೇಲೆ ಕಾರು ಹತ್ತಿಸಿದೆ. ಸಾಹುಕಾರರು ಪ್ರಾಣಭಯಕ್ಕೆ ವ್ಯಾನಿನ ಬಾನೆಟ್ ಹತ್ತಿದರು!

ಆಸ್ಪತ್ರೆ. ಸ್ಟ್ರೆಚರ್ ಓಡಿತು. ಬಾಗಿಲು ಮುಚ್ಚಿತು.

ನಾನೂ ಒಂದು ತೆಂಗಿನಕಾಯಿ ಹರಕೆ ಹೊತ್ತೆ... ಯಾರಿಗೂ ಹೇಳಬೇಡಿ.

ಕೊನೆಗೆ ಒಳಗಿನಿಂದ ಅಳು! ಡಾಕ್ಟರ್ ಹೊರಬಂದರು.

"ಹೆಣ್ಣು ಮಗು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು. ನಾಳೆವರೆಗೂ ಕಾದಿದ್ರೆ..."

ಏದುಸಿರು ಬಿಡುತ್ತ ಬಂದ ಸಾಹುಕಾರರು ಅದನ್ನು ಕೇಳಿ ಬೆಂಚಿನ ಮೇಲೆ ಕುಸಿದರು. ಮುಖದಲ್ಲಿ ಕಳೆಯೇ ಇರಲಿಲ್ಲ. ಕಣ್ಣೊರೆಸಿಕೊಂಡರು. ಪಾಪ ಅನ್ನಿಸಿತು.

ಅಷ್ಟರಲ್ಲಿ ಬೆರಳು ಮಡಿಸತೊಡಗಿದರು!

"21-02-2022... ಅಂಕಿಯೆಲ್ಲ ಕೂಡಿದ್ರೆ ಹನ್ನೊಂದು! ತಿರುಗಿಸಿ ಓದಿದ್ರೂ ಹನ್ನೊಂದು! ದಾರಿ ಬಿಡಯ್ಯ, ಮೊಮ್ಮಗಳನ್ನ ನೋಡ್ಬೇಕು!"

ಅವರ ಹೆಂಡತಿ ನನ್ನತ್ತ ಒಂದು ನೋಟ ಬೀರಿ ಒಳಗೆ ಹೋದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾಳೆ ಬನ್ನಿ ಸಾರ್... ಡೇಟ್ ಚೆನ್ನಾಗಿದೆ!"