ಎಮ್ಮೆ ತೊಗಲಿನ ಕೀಲು

ಬೆಳಗಾವಿಯ ಶಹಾಪುರದಲ್ಲಿ ನನ್ನ ಕೆಲಸದಲ್ಲಿ ಕೊಂಕು ತೆಗೆದವರು ಒಬ್ಬರೂ ಇರಲಿಲ್ಲ. ನಾಗಲಿಂಗ ಮುಟ್ಟಿದ ಪವರ್‌ಲೂಮ್ ವರ್ಷದವರೆಗೆ ಕೆಮ್ಮುವುದಿಲ್ಲ ಎಂದು ಮಾಲೀಕರೇ ಹೇಳುತ್ತಿದ್ದರು. ನನಗೆ ಸೊಕ್ಕು ಬಂದಿತ್ತು, ಸುಳ್ಳೇಕೆ ಹೇಳಲಿ.

೧೯೮೩ರ ದೀಪಾವಳಿ ಮುಗಿದ ವಾರ, ನಾನು ಊಟಕ್ಕೆ ಹೋದಾಗ ಯಾರೋ ನನ್ನ ರಿಪೇರಿ ಅಂಗಡಿಯಲ್ಲಿ ಒಂದು ವಸ್ತು ಬಿಟ್ಟು ಹೋಗಿದ್ದರು. ಒಂದು ದಪ್ಪ ಕೋಲು, ಒಂದು ಉದ್ದನೆಯ ತೆಳ್ಳಗಿನ ಕೋಲು, ಎರಡರ ನಡುವೆ ಹರಿದ ರಬ್ಬರು. ಜೊತೆಗೊಂದು ಚೀಟಿ: 'ಕೀಲು ಹರಿದಿದೆ. ಗುರುವಾರ ಬರುತ್ತೇನೆ.' ಮಗ್ಗದಲ್ಲಿ ಲಾಳಿ ಹೊಡೆಯುವ ಕೋಲು, ಮುಂಬೈಯ ಹೊಸ ಮಾದರಿ ಇರಬೇಕು ಎಂದುಕೊಂಡೆ. ರಬ್ಬರು ಕಿತ್ತೆಸೆದು ಕಬ್ಬಿಣದ ಕೀಲು ಬಡಿದೆ. ಹಿಂದೆ ಮುಂದೆ ಎಷ್ಟು ಚೆನ್ನಾಗಿ ಆಡುತ್ತಿತ್ತೆಂದರೆ, ನಾನೇ ನಾಲ್ಕು ಸಲ ಆಡಿಸಿ ನೋಡಿದೆ.

ಗುರುವಾರ ಬಂದವಳು ಅದನ್ನು ಒಂದೇ ಸಲ ಆಡಿಸಿ ನನ್ನ ಮುಖ ನೋಡಿದಳು.

"ಯಾರ್ರೀ ಇದನ್ನ ಮಾಡಿದವ್ರು?"

"ನಾನಽರೀ. ಯಾಕ್ರೀ?"

"ಬಾಗಲಕ್ಕ ಬಡಿಯೂ ಕೀಲ ಬಡದೀರಲ್ರೀ! ಇದು ಎಲ್ಲಾ ಕಡಿಗೂ ತಿರಗಬೇಕು."

"ಎಲ್ಲಾ ಕಡಿಗೂ ತಿರಗೂದು ಯಾವ ಮಗ್ಗರೀ ಅದು?"

ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. "ಮಗ್ಗ ಅಲ್ರೀ ಯಪ್ಪಾ, ದೋಣಿ! ಹಾಯಿದೋಣಿ! ಕುಂದರ್ರಿ ಇಲ್ಲೆ."

ನನ್ನದೇ ಬೆಂಚಿನ ಅಂಚಿನ ಮೇಲೆ ನನ್ನನ್ನು ಕೂರಿಸಿದಳು. ಪಾದಗಳನ್ನು ಎದುರಿಗೆ ರಿಪೇರಿಗಿದ್ದ ಮಗ್ಗದ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಸಿ, ಕೋಲನ್ನು ಕೈಗೆ ಕೊಟ್ಟಳು. "ಗಾಳಿ ದೋಣೀನ ಆ ಕಡಿ ಹೊಳ್ಳಸಾಕತ್ತೈತಿ. ನೀವು ಈ ಕಡಿ ಹೊರಗ ಬಾಗಿ ತಡೀಬೇಕು. ಬಾಗ್ರಿ. ಇನ್ನೂ ಬಾಗ್ರಿ. ಈಗ ಹಿಂದಿನ ಚುಕ್ಕಾಣಿ ಕೈಗೆ ಸಿಗತೈತೇನು?"

"ಇಲ್ರೀ."

"ಅದಕ್ಕಽ ಚುಕ್ಕಾಣಿಯ ದಪ್ಪ ಹಿಡಿಕಿಗೆ ಈ ಉದ್ದ ಕೋಲು. ನಾವು ಹ್ಯಾಂಗ ಹೊಳ್ಳಿದ್ರೂ ಅದೂ ಹಾಂಗ ಹೊಳ್ಳಬೇಕು."

ನಾನು ಹಿಂದಕ್ಕೆ ಬಾಗಿಯೇ ಇದ್ದೆ. ಕೆಳಗಿನಿಂದ ನೋಡಿದರೆ ಅವಳ ಗದ್ದದಡಿ ಒಂದು ಸಣ್ಣ ಮಚ್ಚೆ ಕಂಡಿತು. ನೆಟ್ಟಗೆ ನಿಂತವರಿಗೆ ಅದು ಕಾಣುವಂತಿರಲಿಲ್ಲ.

"ಏನ್ ನೋಡಾಕತ್ತೀರಿ?"

"ಕೋಲು."

"ಕೋಲು ನಿಮ್ಮ ಕೈಯಾಗ ಐತ್ರಿ."

ಹೆಸರು ಕಾಂತಾ. ಖಾನಾಪುರದವಳು, ಬೆಳಗಾವಿಯ ಆಫೀಸೊಂದರಲ್ಲಿ ಟೈಪಿಸ್ಟ್, ದಿನಾ ರೈಲಿನಲ್ಲಿ ಓಡಾಟ. ಅಪ್ಪ ಬಸಲಿಂಗಪ್ಪ ನೇವಿಯಿಂದ ನಿವೃತ್ತರಾಗಿ ಬಂದು ಮಲಪ್ರಭೆಯಲ್ಲಿ ಎರಡು ಹಾಯಿದೋಣಿ ಇಟ್ಟುಕೊಂಡಿದ್ದರು. ಬಂಧಾರಿಗೆ, ಅಂದರೆ ಹೊಳೆಯ ಅಡ್ಡಗಟ್ಟೆಗೆ, ಹಲಗೆ ಹಾಕಿದ ಮೇಲೆ ಹೊಳೆ ಅಲ್ಲಿ ಅಗಲವಾಗಿ ನಿಲ್ಲುತ್ತದೆ. ಇನ್ನು ನಾಲ್ಕು ವಾರಕ್ಕೆ ಅಲ್ಲಿ ಕಾಂತಾಳಿಗೂ ಅವಧೂತ ಎಂಬ ತರುಣನಿಗೂ ಪಂದ್ಯ. ಗೆದ್ದವರು ಮುಂಬೈ ಸ್ಪರ್ಧೆಯಲ್ಲಿ ಚುಕ್ಕಾಣಿ ಹಿಡಿಯುವವರು. ಅಪ್ಪನೇ ತೀರ್ಪುಗಾರ, ಹಾಗಾಗಿ ಮಗಳಿಗೆ ಒಂದು ಸ್ಕ್ರೂ ಕೂಡ ಕೊಡುವುದಿಲ್ಲ. ಮುಂಬೈಯಿಂದ ಹೊಸ ಕೀಲು ತರಿಸಲು ಎರಡು ತಿಂಗಳು.

"ಹುಡುಗಿ ಅಂತ ಬಿಟ್ಟುಕೊಟ್ರು ಅನ್ನಬಾರದು, ನೋಡ್ರಿ. ನಾ ಗೆದ್ದಽ ಹೋಗಬೇಕು," ಎಂದಳು. ಅವಳ ದನಿಯಲ್ಲಿ ಆಗ ನಗುವಿರಲಿಲ್ಲ.

ಸೈಕಲ್ ಟ್ಯೂಬು ಸುತ್ತಿ ಒಂದು ಕೀಲು ಮಾಡಿದೆ. ನಾಲ್ಕೇ ದಿನಕ್ಕೆ ಹರಿಯಿತು. ನೀರಿನ ಪೈಪು ತುಂಡರಿಸಿ ಇನ್ನೊಂದು ಮಾಡಿದೆ. ಅದು ನಡುಹೊಳೆಯಲ್ಲಿ ಜಾರಿ, ಅವಳು ದೋಣಿಸಮೇತ ಮಗುಚಿಬಿದ್ದಳು. ಮರುದಿನ ಬಂದು, "ನಿಮ್ಮ ಕೃಪಾದಿಂದ ಭಾನುವಾರದ ಜಳಕ ಆತ್ರಿ," ಎಂದು ಹುಬ್ಬು ಹಾರಿಸಿದಳು. ನಾನು ಚಹಾ ತರಿಸಿದೆ. ಅರ್ಧ ಕಪ್ಪು ಸಾಕೆಂದವಳು ಎರಡು ಕಪ್ಪು ಕುಡಿದಳು. ಅವಳ ರೈಲಿನ ವೇಳೆ ನನಗೆ ಬಾಯಿಪಾಠವಾಗಿತ್ತು. ನನ್ನ ಅಂಗಿಗೆ ಇಸ್ತ್ರಿ ಬೀಳತೊಡಗಿತ್ತು.

ಪಂದ್ಯಕ್ಕೆ ಐದು ದಿನ ಇದ್ದಾಗ ನನ್ನ ಕಣ್ಣು ತೆರೆಯಿತು. ಮಗ್ಗದಲ್ಲಿ ಲಾಳಿ ಹೊಡೆಯುವ ಕೋಲನ್ನು ಎಳೆಯುವ ಪಟ್ಟಿ ಎಮ್ಮೆ ತೊಗಲಿನದು. ದಿನಕ್ಕೆ ಸಾವಿರಾರು ಜಗ್ಗು ತಿಂದರೂ ಜಪ್ಪಯ್ಯ ಎನ್ನುವುದಿಲ್ಲ. ಅದು ನನ್ನ ತಲೆಯ ಮೇಲೆಯೇ ಮೊಳೆಗೆ ನೇತಾಡುತ್ತಿತ್ತು!

ಖರೆ ಹೇಳುತ್ತೇನೆ, ಕತ್ತರಿ ಹಿಡಿದ ಕೈ ನಿಂತಿತು. ಇದು ಹರಿಯುವುದಿಲ್ಲ. ಹರಿಯದಿದ್ದರೆ ಅವಳು ಇಲ್ಲಿಗೆ ಬರುವುದಿಲ್ಲ. ಗೆದ್ದರೆ ಮುಂಬೈ, ಅಲ್ಲಿ ಎಂತೆಂಥವರೋ. ಕೊಂಚ ಸಡಿಲ ಹೊಲಿದರೆ ಯಾರಿಗೆ ಗೊತ್ತಾಗುತ್ತದೆ? ಹೀಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಪಟ್ಟಿಯನ್ನು ಎರಡು ಮಡಿಕೆ ಮಾಡಿ, ಮೇಣದ ದಾರದಲ್ಲಿ ಹೊಲಿದು, ಎರಡೂ ತುದಿಗೆ ಹಿತ್ತಾಳೆಯ ಬಳೆ ತೊಡಿಸಿ ರಿವೆಟ್ ಬಡಿದೆ. ನೀರು ಹಿಡಿಯದಂತೆ ಎರಡು ದಿನ ಔಡಲೆಣ್ಣೆಯಲ್ಲಿ ನೆನೆಸಿದೆ. ನನ್ನ ಜೀವನದಲ್ಲಿ ಅಷ್ಟು ಗಟ್ಟಿ ಕೆಲಸ ನಾನು ಮಾಡಿದ್ದಿಲ್ಲ.

ಭಾನುವಾರ ಮೊದಲ ರೈಲಿಗೇ ಖಾನಾಪುರಕ್ಕೆ ಹೋಗಿ, ಕೀಲನ್ನು ಅವಳ ದೋಣಿಯ ಕೋಲಿಗೆ ಜೋಡಿಸಿ ಕೊಟ್ಟೆ. ಬಿಳಿ ಹಾಯಿಗಳೆರಡು ಹೊಳೆಗಿಳಿದವು. ಕೊನೆಯ ಸುತ್ತಿನವರೆಗೂ ಅವಧೂತನೇ ಮುಂದಿದ್ದ. ಆಗ ಬಂಧಾರಿನ ಕಡೆಯಿಂದ ಭರ್ರನೆ ಗಾಳಿ ಬಂತು. ಎರಡೂ ದೋಣಿ ವಾಲಿದವು. ಅವಧೂತ ಹೆದರಿ ಹಾಯಿಯ ಹಗ್ಗ ಸಡಿಲಿಸಿದ, ಅವನ ವೇಗ ಇಳಿಯಿತು.

ಕಾಂತಾ ಸಡಿಲಿಸಲಿಲ್ಲ. ಅಂಚಿನ ಮೇಲೆ ಕುಳಿತು, ಜಡೆ ನೀರಿಗೆ ತಾಗುವಷ್ಟು ಹೊರಗೆ ಬಾಗಿದಳು. ಕೈಯಲ್ಲಿನ ಕೋಲು ಮೇಲೆದ್ದಿತು, ಅಡ್ಡವಾಯಿತು, ಮತ್ತೆ ಹೊರಳಿತು. ಕೀಲು ಅವಳು ಹೇಳಿದ ಹಾಗೆ ಕೇಳಿತು. ದೋಣಿ ಎದ್ದು ನಿಂತು, ಅವಧೂತನನ್ನು ದಾಟಿ, ಗುರುತಿನ ಗೂಟ ಮುಟ್ಟಿತು!

"ನನ್ನ ಕೀಲು! ನನ್ನ ಕೀಲು!" ಎಂದು ನಾನು ಮೊಣಕಾಲುದ್ದ ನೀರಿನಲ್ಲಿ ಕುಣಿಯುತ್ತಿದ್ದೆ. ಪಕ್ಕದಲ್ಲಿದ್ದವರು ದೂರ ಸರಿದರು.

ದಂಡೆಗೆ ಬಂದ ಮೇಲೆ ಮೊದಲು ಚಪ್ಪಾಳೆ ತಟ್ಟಿದವನು ಅವಧೂತ. ಬಸಲಿಂಗಪ್ಪ ಕೀಲನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, ನೋಟ್‌ಬುಕ್ ತೆರೆದರು. ಕಾಂತಾ ನೀರು ತೊಟ್ಟಿಕ್ಕುತ್ತ ನನ್ನೆದುರು ನಿಂತಳು.

"ಇದು ಇನ್ನ ಹರಿಯೂದಿಲ್ರೀ," ಎಂದೆ.

"ಗೊತ್ತಾತ್ರಿ."

"ಹರೀಲಿಲ್ಲಂದ್ರ ನೀವು ಅಂಗಡಿಗೆ ಬರೂದಿಲ್ಲ. ಅದು ಗೊತ್ತಿದ್ದಽ ಗಟ್ಟಿ ಮಾಡೀನಿ. ಆದ್ರ ನಿನ್ನ ನೋಡಲಾರದ ನನಗ ಇರಾಕ ಆಗೂದಿಲ್ಲ, ಕಾಂತಾ."

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿದ್ದದ್ದು ಹೊಳೆಯ ನೀರಲ್ಲ. ತಟ್ಟನೆ ತಿರುಗಿ ಇಡೀ ದಂಡೆಗೆ ಕೇಳುವಂತೆ ಕೂಗಿದಳು: "ಅಪ್ಪಾ! ನಾ ಲಗ್ನಾ ಆದ್ರ ಇವರನ್ನಽ ಆಗಾಕಿ!"

ಬಸಲಿಂಗಪ್ಪ ತಲೆ ಎತ್ತಲಿಲ್ಲ. "ತಡಿಯವ್ವಾ, ಮದಲ ಗೆದ್ದಿದ್ದು ಬರಕೋತೀನಿ."

ಎಲ್ಲರೂ ನಕ್ಕರು. ಅವರು ಮಗಳ ಹೆಸರನ್ನು ನಿಧಾನವಾಗಿ ಬರೆದು, ಪೆನ್ನಿಗೆ ಟೋಪಿ ಹಾಕಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಊಟಕ್ಕ ನಿಲ್ತೀಯೇನಪಾ ತಮ್ಮಾ?"

"ನಿಲ್ತೀನ್ರಿ," ಎಂದೆ. ಹಗ್ಗ ಎಳೆದು ಒರಟಾದ ಅವಳ ಕೈ ಆಗಲೇ ನನ್ನ ಕೈ ಹಿಡಿದಿತ್ತು.