ಹೊಲಿಗೆಗೆ ಬಿಟ್ಟ ಒಂದು ಇಂಚು

ಯಾರೂ ಬರುವ ಮೊದಲೇ ಅವಳು ಬೋರ್ಡ್ ಒರೆಸುತ್ತಿದ್ದಳು. ಸದ್ದಿಲ್ಲದೆ, ಮೂಲೆಯಿಂದ ಮೂಲೆಗೆ. ಆರನೇ ತರಗತಿಗೇ ಶಾಲೆ ಬಿಟ್ಟು ಚಿಕ್ಕಮ್ಮನ ಹೊಲಿಗೆ ಅಂಗಡಿ ಸೇರಿದವಳಿಗೆ ಸಂಜೆ ಶಾಲೆಯ ಮೊದಲ ದಿನ ಅದು.

“ಅದು ನನ್ನ ಕೆಲಸ ಕಣ್ರೀ!”

ತಿರುಗಿದಳು. ಬಾಗಿಲಲ್ಲಿ ಲೆಕ್ಕದ ಮೇಷ್ಟ್ರು. ಮೇಲಿನ ಗುಂಡಿ ಉದುರಿದ ಅಂಗಿ, ನಗುವ ಕಣ್ಣು... ಅವಳ ಎದೆ ಝಲ್ಲೆಂದಿತು.

ಅಂದಿನ ಲೆಕ್ಕ ಸುಲಭದ್ದು. ಉದ್ದ ಎಂಟು ಇಂಚು, ಅಗಲ ಆರು ಇಂಚಿನ ಆಯತ. ಸುತ್ತಳತೆ ಎಷ್ಟು?

“ಮೂವತ್ತಾರು,” ಎಂದಳು.

“ಇಪ್ಪತ್ತೆಂಟಲ್ವಾ? ಹೆಚ್ಚಿನ ಎಂಟು ಎಲ್ಲಿಂದ ಬಂತು?”

“ಸುತ್ತಲೂ ಒಂದೊಂದು ಇಂಚು ಹೊಲಿಗೆಗೆ ಬಿಡ್ಬೇಕಲ್ವಾ, ಮೇಷ್ಟ್ರೇ...”

ತರಗತಿಯೆಲ್ಲ ಘೊಳ್ಳೆಂದಿತು. ಮೇಷ್ಟ್ರೊಬ್ಬರೇ ನಗಲಿಲ್ಲ. “ಬಟ್ಟೆಗಾದ್ರೆ ನೀವು ಹೇಳಿದ್ದೇ ಸರಿ,” ಎಂದರು.

ಅಷ್ಟು ಸಾಕಾಯಿತು ಅವಳಿಗೆ!

ನಾಲ್ಕು ತಿಂಗಳು ಕಳೆಯಿತು. ತ್ರಿಭುಜ, ಭಿನ್ನರಾಶಿ, ಶೇಕಡಾ... ಒಂದು ಸಂಜೆ ತಡವಾಗಿ ಬಂದವಳಿಗೆ ಒಳಗಿನಿಂದ ಅವರ ಮಾತು ಕೇಳಿಸಿತು. ಹೊಸಬರಿಗೆ ಅದೇ ಮೂವತ್ತಾರರ ಕಥೆ ಹೇಳಿ ಮೇಷ್ಟ್ರು ನಗುತ್ತಿದ್ದರು.

ಅವರೂ...!

ಅವಳು ಹೊಸ್ತಿಲಿಂದಲೇ ಹಿಂದಿರುಗಿದಳು. ಮತ್ತೆ ಹೋಗಲಿಲ್ಲ.

ವಾರದ ನಂತರ ಮೇಷ್ಟ್ರೇ ಅಂಗಡಿಗೆ ಬಂದರು. ಅಂಗಿ ಬಟ್ಟೆಯ ಜೊತೆ ಮಡಚಿದ ಕಾಗದವೊಂದನ್ನು ಮುಂದಿಟ್ಟರು.

“ಇದೊಂದು ಲೆಕ್ಕ. ಬಿಡಿಸ್ತೀರಾ?”

“ಯಾಕೆ, ನಗೋದು ಇನ್ನೂ ಬಾಕಿ ಇದೆಯಾ?”

ಅವರ ಮುಖ ಕಪ್ಪಿಟ್ಟಿತು. ಬಟ್ಟೆ, ಕಾಗದ ಎರಡನ್ನೂ ಅಲ್ಲೇ ಬಿಟ್ಟು ಹೊರಟುಹೋದರು.

ಅವಳು ಕಾಗದ ಬಿಚ್ಚಿ ನೋಡಲೂ ಇಲ್ಲ. ಮಡಚಿದ್ದಂತೆಯೇ ಕತ್ತರಿಯಾಡಿಸಿ, ಅವರ ಅಂಗಿಯ ಕಾಲರಿಗೇ ಅಳತೆಯ ಅಚ್ಚು ಮಾಡಿಕೊಂಡಳು.

ಸೋಮವಾರ ಮೊಳೆಗೆ ನೇತುಹಾಕಿದ್ದ ಅಚ್ಚನ್ನು ಬಿಡಿಸಿ ನೋಡಿದ ಚಿಕ್ಕಮ್ಮ ಕೂಗಿದಳು:

“ಏನೇ ಇದು, ನಿಮ್ಮ ಮೇಷ್ಟ್ರ ಕಾಲರಿನ ತುಂಬಾ ಅಕ್ಷರ!”

ಅವಳು ಚಿಂದಿಯ ಚೀಲ ಸುರಿದು, ತುಂಡಿಗೆ ತುಂಡು ಸೇರಿಸಿದಳು.

‘... ಊರಲ್ಲಿ ಕೆಲಸ ಸಿಕ್ಕಿದೆ. ಕೋಣೆಯ ಉದ್ದ ಹತ್ತಡಿ, ಅಗಲ ಎಂಟು. ನೀವು ಹೊಲಿಗೆಗೆ ಬಿಡುವ ಹಾಗೆ ನಾನೂ ಜಾಗ ಬಿಟ್ಟಿದ್ದೇನೆ, ನಿಮಗೆಂದು. ಬರುತ್ತೀರಾ? ಅಂದು ನೀವು ಹೊಸ್ತಿಲಿಂದಲೇ ಹಿಂದಿರುಗಿದ್ದು ಕಂಡೆ; ನಿಮ್ಮ ಕಥೆ ಹೇಳುವಾಗ ನಾನು ನಗುವುದು ಖುಷಿಗೆ. ಶನಿವಾರದವರೆಗೆ ಕಾಯುತ್ತೇನೆ.’

ಶನಿವಾರ ಕಳೆದು ಎರಡು ದಿನವಾಗಿತ್ತು. ಊರಿನ ಹೆಸರಿದ್ದ ತುಂಡು ಮಾತ್ರ ಸಿಗಲಿಲ್ಲ.

ಹೊಲಿದ ಅಂಗಿಯನ್ನು ಎದೆಗವಚಿಕೊಂಡು ಅವಳು ಶಾಲೆಗೆ ಓಡಿದಳು. ಅವರು ಯಾವ ಊರಿಗೆ ಹೋದರೆಂದು ಅಲ್ಲೂ ಯಾರಿಗೂ ಗೊತ್ತಿರಲಿಲ್ಲ.

ತರಗತಿ ಖಾಲಿ. ಬೋರ್ಡಿನ ಮೇಲೆ ಅವರೇ ಬರೆದ ಒಂದು ಆಯತ. ಡಸ್ಟರ್ ಎತ್ತಿಕೊಂಡಳು... ಒರೆಸಲು ಕೈ ಬರಲಿಲ್ಲ.

“ಬರ್ತೀನಿ,” ಎಂದಳು, ಮೆಲ್ಲಗೆ. “ಮೇಷ್ಟ್ರೇ... ಇನ್ನೊಂದು ಸಲ ಕೇಳಿ.”